ಐವತ್ತೆಂಟು ವರ್ಷ ಕಿಟಕಿಯಲ್ಲಿ ನಿಂತವಳು

ಒರ್ಸೊಲಾ ಮಾಜೊಲೊಗೆ ಈಗ ಅರವತ್ತಮೂರು ವರ್ಷ. ಅದರಲ್ಲಿ ನಲವತ್ತೈದು ವರ್ಷವನ್ನು ಇಲ್ಲದ ಕಿಟಕಿಗಳನ್ನು ಅವಳು ಗೋಡೆಯ ಮೇಲೆ ಬರೆಯುತ್ತ ಕಳೆದಿದ್ದಾಳೆ. ನಮ್ಮ ಕಾಲಾರೊ ಊರಿನ ಬಂದರಿನ ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ಎತ್ತರ ಐದಾರು ಮಹಡಿ. ಅಗಲ ಮಾತ್ರ ಒಂದು ಮಂಚ, ಒಂದು ಬೀರು ಹಾಕಿದರೆ ಮುಗಿಯಿತು. ನಮ್ಮ ಹಿರಿಯರಿಗೆ ಅಷ್ಟೊಂದು ಕಿಟಕಿ ಕೊರೆಸಲು ಕೈಯಿಂದ ಕಾಸು ಬಿಚ್ಚುವ ಮನಸ್ಸಿರಲಿಲ್ಲ. ಆದರೆ ಹಡಗಿನಿಂದ ನೋಡಿದವರು ಏನೆಂದುಕೊಂಡಾರು ಎಂಬ ಚಿಂತೆ ಬೇಕಾದಷ್ಟಿತ್ತು. ಹಾಗಾಗಿ ಕಿಟಕಿ, ಅದರ ಹಸಿರು ಕದ, ಕಲ್ಲಿನ ಚೌಕಟ್ಟು, ಚೌಕಟ್ಟಿನ ನೆರಳು ಎಲ್ಲವನ್ನೂ ಬಣ್ಣದಲ್ಲೇ ಮುಗಿಸಿದರು. ಹೊರಗಿನವರಿಗೆ ಯಾವುದು ನಿಜ, ಯಾವುದು ಸುಳ್ಳು ಎಂದು ಇವತ್ತಿಗೂ ತಿಳಿಯುವುದಿಲ್ಲ. ಹೋದ ಬೇಸಿಗೆಯಲ್ಲಿ ಒಬ್ಬ ಪ್ರವಾಸಿ ಮೂರನೇ ಮಹಡಿಯ ಎಡಗಡೆ ಕಿಟಕಿ ಇರುವ ಕೋಣೆಯೇ ಬೇಕೆಂದು ಹೋಟೆಲಿನವನ ಹತ್ತಿರ ಅರ್ಧ ಗಂಟೆ ಹಟ ಹಿಡಿದ. ಹೋಟೆಲಿನವನು ಕೊನೆಗೆ ಅವನನ್ನು ಮೇಲೆ ಕರೆದುಕೊಂಡು ಹೋಗಿ ಆ ಜಾಗವನ್ನು ಒಳಗಿನಿಂದ ತೋರಿಸಬೇಕಾಯಿತು. ಅಲ್ಲಿ ಕಸಬರಿಕೆ ನೇತುಹಾಕುವ ಮೊಳೆ ಇತ್ತು.

ಒರ್ಸೊಲಾಳ ಮನೆ ಇರುವುದು ಬಂದರಿನಲ್ಲಲ್ಲ, ಬೆಟ್ಟದ ಮೇಲಿನ ಸೊವಾರದಲ್ಲಿ. ಬೆಳಿಗ್ಗೆ ಆಲಿವ್ ತೋಟಗಳ ನಡುವಿನ ಮೆಟ್ಟಿಲಿಳಿದು ಬರುತ್ತಾಳೆ, ಸಂಜೆ ಹತ್ತಿ ಹೋಗುತ್ತಾಳೆ. ದಾರಿಯಲ್ಲಿ ಏದುಸಿರು ಬಿಡುತ್ತ ಕುಳಿತ ಪ್ರವಾಸಿಗರು ಸೊವಾರ ಇನ್ನೆಷ್ಟು ದೂರ ಎಂದು ಕೇಳುತ್ತಾರೆ. ಎಲ್ಲಿ ಕುಳಿತವರಿಗಾದರೂ ಅವಳ ಉತ್ತರ ಒಂದೇ, ಐದೇ ನಿಮಿಷ. ಇದು ಸುಳ್ಳೆಂದು ಅವಳಿಗೆ ಗೊತ್ತು. ಆದರೆ ನಿಜ ಹೇಳಿದರೆ ಅರ್ಧ ಜನ ಅಲ್ಲಿಂದಲೇ ಇಳಿದುಬಿಡುತ್ತಾರೆ, ಮೇಲಿನ ಊರಿನ ಹೆಂಗಸರು ಮಾರಲು ಮಾಡಿಟ್ಟ ಪಾಲಕ್ ಕಡುಬು ಹಾಗೇ ಉಳಿಯುತ್ತದೆ.

ಈ ಕೆಲಸ ಅವಳಿಗೆ ಬಂದದ್ದು ಅಪ್ಪ ಜೆರೋಲಮೊನಿಂದ. ಅವನದು ಒಂದೇ ಶಾಸ್ತ್ರ. ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಬಣ್ಣ ಗಾರೆಯೊಳಗೆ ಇಳಿದು ಅದರ ಜೊತೆಯೇ ಕಲ್ಲಾಗುತ್ತದೆ, ನೂರು ವರ್ಷ ಅಲ್ಲಾಡುವುದಿಲ್ಲ. ಗಾರೆ ಒಣಗಿದ ಮೇಲೆ ಹಾಲಿನಲ್ಲಿ ಬಣ್ಣ ಕಲಸಿ ಬಳಿಯುವವರೂ ಇದ್ದರು. ಅದು ಬೇಗ ಆಗುವ ಕೆಲಸ, ಬೇಗ ಹೋಗುವ ಕೆಲಸವೂ ಹೌದು. ನೈಋತ್ಯದ ಗಾಳಿಮಳೆ ನಾಲ್ಕು ಸಲ ಹೊಡೆದರೆ ಕೆನ್ನೆಯ ಪೌಡರಿನಂತೆ ಇಳಿದುಹೋಗುತ್ತದೆ. ಅಂಥ ಕೆಲಸದವರನ್ನು ಜೆರೋಲಮೊ ಹಾಲಿನವರು ಎಂದು ಹಂಗಿಸುತ್ತಿದ್ದ, ಅವರ ಪಕ್ಕ ಕೂತು ವೈನು ಕುಡಿಯುತ್ತಿರಲಿಲ್ಲ. ಹದಿನೆಂಟರ ಒರ್ಸೊಲಾ ಒಮ್ಮೆ ಒಣಗಿದ ಗೋಡೆಯ ಮೇಲೆ ಒಂದೇ ಒಂದು ಗೆರೆ ತಿದ್ದಿದಳು. ಅವನು ಇಡೀ ಕಿಟಕಿಯನ್ನು ಕೆತ್ತಿಸಿ ಮತ್ತೆ ಬರೆಸಿದ. ಸಿಟ್ಟಿನಿಂದ ಮಗಳು ಮೂರು ದಿನ ಮಾತು ಬಿಟ್ಟಳು. ಅವನು ಅದನ್ನು ಗಮನಿಸಲೇ ಇಲ್ಲ.

ಜೆರೋಲಮೊ ಬದುಕಿನಲ್ಲಿ ಬರೆದ ಮನುಷ್ಯರ ಚಿತ್ರ ಒಂದೇ. ಹಳದಿ ಮನೆಯ ಐದನೇ ಮಹಡಿಯಲ್ಲಿ ಸುಳ್ಳು ಕಿಟಕಿಯ ಕದ ಅರ್ಧ ತೆರೆದಿದೆ, ನೀಲಿ ಅಂಗಿಯ ಒಬ್ಬ ತರುಣಿ ಮೊಣಕೈಯೂರಿ ಸಮುದ್ರ ನೋಡುತ್ತಿದ್ದಾಳೆ. ಅದನ್ನು ಬರೆಸಿದವನು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ ಎರಾಸ್ಮೊ ರಜೆತೊ. ಚಿತ್ರದಲ್ಲಿರುವವಳು ಅವನ ಹೆಂಡತಿ ಜೀತಾ. ಹಡಗು ಕೊಲ್ಲಿಯ ಮುಂದೆ ಹಾದುಹೋಗುವಾಗ ಹೆಂಡತಿ ತನಗಾಗಿ ಕಾಯುತ್ತಿರುವುದು ಕಾಣಬೇಕು ಎಂಬುದು ಅವನ ಆಸೆ. ಐವತ್ತೆಂಟು ವರ್ಷದ ಹಿಂದಿನ ಮಾತು ಅದು. ಆಗ ಜೀತಾಗೆ ಇಪ್ಪತ್ತಾರು. ಈಗ ಎಂಬತ್ತನಾಲ್ಕು. ಚಿತ್ರದ ಪಕ್ಕದ ನಿಜವಾದ ಕಿಟಕಿಯ ಹಿಂದೆ ಇವತ್ತಿಗೂ ಅವಳದೇ ಸಂಸಾರ, ಒಬ್ಬಳೇ ಆದರೂ ಪಾತ್ರೆ ಸದ್ದು ನಾಲ್ಕು ಜನರಷ್ಟು.

ಈ ವರ್ಷ ವಸಂತದಲ್ಲಿ ಹಳದಿ ಮನೆಗೆ ಹೊಸ ಬಣ್ಣದ ಸರದಿ ಬಂತು. ಸಾರುವೆ ಕಟ್ಟಿ ಒರ್ಸೊಲಾ ಮೇಲೆ ಹತ್ತಿದಳು. ಜೊತೆಗೆ ಬೆರ್ತು. ಸುಣ್ಣ ಕಲಸುವುದು, ಮರಳು ಜರಡಿ ಹಿಡಿಯುವುದು, ಗೊಣಗುವುದು ಈ ಮೂರೂ ಅವನ ಕೆಲಸ. ಮೂರನೆಯದನ್ನು ಅವನು ಯಾರೂ ಹೇಳದೆಯೇ ಮಾಡುತ್ತಾನೆ, ನಮ್ಮ ಕರಾವಳಿಯವರಿಗೆ ಅದು ಹುಟ್ಟಿನಿಂದ ಬಂದ ಹಕ್ಕು. ಬೆಳಿಗ್ಗೆ ಹತ್ತಕ್ಕೆ ಜೀತಾ ತನ್ನ ಕಿಟಕಿಯಿಂದ ಎರಡು ಲೋಟ ಕಾಫಿ, ಎಣ್ಣೆ ಸವರಿದ ಬಿಸಿ ಫೊಕಾಚ್ಚಾ ರೊಟ್ಟಿ ಸಾರುವೆಗೆ ಚಾಚುತ್ತಿದ್ದಳು. ಮೊದಲ ವಾರ ಎಲ್ಲ ಚೆನ್ನಾಗಿತ್ತು.

ಎರಡನೇ ವಾರ ಕಟ್ಟಡದವರ ಸಭೆ ಸೇರಿತು. ಅಲ್ಲಿ ಜೀತಾ ಎದ್ದು ನಿಂತು, ಆ ಚಿತ್ರವನ್ನು ಅಳಿಸಿಬಿಡಿ, ಕಿಟಕಿ ಮುಚ್ಚಿಬಿಡಿ ಎಂದಳು.

ಕಟ್ಟಡದ ಮೇಲ್ವಿಚಾರಕ ಡೆಲ್ಫೊ ಹೌಹಾರಿದ. "ಸಿನ್ಯೋರಾ, ಏನ್ ಮಾತಾಡ್ತಿದ್ದೀರ? ಜನ ರೈಲು ಇಳಿದ ತಕ್ಷಣ ಕೇಳೋದೇ ಅವಳನ್ನ. ಪೋಸ್ಟ್‌ಕಾರ್ಡಲ್ಲಿ ಅವಳು, ಐಸ್‌ಕ್ರೀಮ್ ಡಬ್ಬಿ ಮೇಲೆ ಅವಳು."

"ಅದನ್ನೇ ಹೇಳ್ತಿರೋದು ನಾನೂ," ಎಂದಳು ಜೀತಾ. "ಅವಳು ಅವಳಲ್ಲ, ನಾನು. ಐವತ್ತೆಂಟು ವರ್ಷದಿಂದ ನಿಂತಿದ್ದೀನಿ. ಕೂರೋಕೆ ಒಂದು ಕುರ್ಚಿನಾದ್ರೂ ಬರೆದಿದ್ದಾರಾ?"

ಎಲ್ಲರೂ ನಕ್ಕರು. ಜೀತಾ ನಗಲಿಲ್ಲ.

"ಎರಾಸ್ಮೊನ ಹಡಗು ಹಾದುಹೋಗೋವಾಗ ನಾನು ಹಿಂದಿನ ಬೀದಿ ಟಾಕೀಸಲ್ಲಿ ಟಿಕೆಟ್ ಹರೀತಿದ್ದೆ. ಒಂದು ದಿನಾನೂ ಕಾದವಳಲ್ಲ. ಪ್ರವಾಸಿಗರ ದೋಣಿಯವರು ಮೈಕಲ್ಲಿ ಏನ್ ಹೇಳ್ತಾರೆ ಕೇಳಿದ್ದೀರಾ? ಗಂಡ ಸಮುದ್ರದಲ್ಲಿ ಮುಳುಗಿ ಹೋದ, ಹೆಂಡತಿ ಇನ್ನೂ ಕಾಯ್ತಾ ಇದ್ದಾಳೆ ಅಂತ. ಅವನು ಸತ್ತಿದ್ದು ಹಾಸಿಗೆ ಮೇಲೆ, ಎಂಬತ್ತೆರಡನೇ ವಯಸ್ಸಲ್ಲಿ, ಸೂಪಿಗೆ ಉಪ್ಪು ಕಮ್ಮಿ ಅಂತ ನನ್ನ ಬೈದು. ನಾನು ಕೆಳಗೆ ಬಂದ್ರೆ ಐಸ್‌ಕ್ರೀಮಿನವನು ಬೆರಳು ಮಾಡಿ ತೋರಿಸ್ತಾನೆ. ಜನ ತಲೆ ವಾರೆ ಮಾಡ್ಕೊಂಡು ಅಯ್ಯೋ ಪಾಪ ಅಂತ ನೋಡ್ತಾರೆ, ಫೋಟೊ ತೆಗೀತಾರೆ. ಒಬ್ಬಳು ನನ್ನ ಕೈ ಹಿಡ್ಕೊಂಡು ಅತ್ತೇಬಿಟ್ಟಳು. ಹನ್ನೊಂದು ವರ್ಷದಿಂದ ಹಿಂಬಾಗಿಲಿಂದ ತರಕಾರಿಗೆ ಹೋಗ್ತಿದ್ದೀನಿ. ಬಂದರಿನ ಬೆಂಚಿನ ಮೇಲೆ ಎಲ್ಲರ ಹಾಗೆ ಒಂದು ಸಂಜೆ ಕೂರಬೇಕು ನನಗೆ. ನಾಳೆ ನಾನು ಸತ್ತ ಮೇಲೂ ಅವಳು ಅಲ್ಲೇ ನಿಂತಿರ್ತಾಳೆ, ನನ್ನ ಹೆಸರು ಇಟ್ಕೊಂಡು."

ಡೆಲ್ಫೊ ಗಂಟಲು ಸರಿಮಾಡಿಕೊಂಡು ಪುರಸಭೆಯ ನಿಯಮ ಹೇಳಿದ. ಹಳೆಯ ಗೋಡೆ ಮೊದಲು ಹೇಗಿತ್ತೋ ಹಾಗೆಯೇ ಇರಬೇಕು, ಇದ್ದದ್ದನ್ನು ತೆಗೆಯುವಂತಿಲ್ಲ. ಅಷ್ಟು ಹೇಳಿ ಒರ್ಸೊಲಾಳ ಕಡೆ ತಿರುಗಿದ.

"ಮೇಸ್ತ್ರಿ ಏನಂತಾರೆ?"

ಒರ್ಸೊಲಾಗೆ ಅಪ್ಪನ ಕೈ ನೆನಪಾಯಿತು. ಅವನು ಹೋಗಿ ಇಪ್ಪತ್ತೊಂದು ವರ್ಷ. ಅವನು ಬರೆದ ಕಿಟಕಿಗಳನ್ನೆಲ್ಲ ಅವಳೇ ಒಂದೊಂದಾಗಿ ಹೊಸದು ಮಾಡುತ್ತ ಬಂದಿದ್ದಳು, ಹಾಗೆ ಮಾಡುತ್ತ ಅವನ ಗೆರೆಗಳು ತನ್ನವಾಗಿಬಿಟ್ಟಿದ್ದವು. ಪೂರ್ತಿ ಅವನದೇ ಎಂದು ಉಳಿದದ್ದು ಆ ನೀಲಿ ಅಂಗಿಯವಳೊಬ್ಬಳೇ.

"ಅಂಥದ್ದು ಇನ್ನೊಂದು ಬರೆಯೋಕೆ ನನ್ನ ಕೈಲಾಗಲ್ಲ. ಉಳಿಸೋಣ," ಎಂದಳು.

ಒಂಬತ್ತು ಕೈಗಳು ಮೇಲೆದ್ದವು. ಜೀತಾಳದು ಎದ್ದಿರಲಿಲ್ಲ. ಅವಳು ಒರ್ಸೊಲಾಳ ಮುಖವನ್ನು ಒಮ್ಮೆ ನೋಡಿದಳು, ಏನೋ ಹೇಳುವವಳಂತೆ ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡು ಎದ್ದುಹೋದಳು.

ಮರುದಿನದಿಂದ ಕಾಫಿ ನಿಂತಿತು.

"ಇವತ್ತೂ ಇಲ್ಲ," ಎಂದ ಬೆರ್ತು ಮೂರನೇ ದಿನ, ಮುಚ್ಚಿದ ಕಿಟಕಿಯನ್ನೇ ನೋಡುತ್ತ. "ನಿನ್ನ ಬಾಯಿ ಸುಮ್ನಿದ್ದಿದ್ರೆ ಈಗ ಬಿಸಿ ಫೊಕಾಚ್ಚಾ ತಿಂತಿದ್ವಿ. ವಾಸನೆ ಬರ್ತಿದೆ ನೋಡು. ಬೇಕಂತಲೇ ಮಾಡ್ತಿದ್ದಾಳೆ ಮುದುಕಿ."

"ನೀನು ಬಕೆಟ್ ಕೊಡು."

"ಕೊಡ್ತೀನಿ. ಹೊಟ್ಟೆ ಹಸಿದವನ ಕೈಲಿ ಬಕೆಟ್ ಎಷ್ಟು ಭಾರ ಅಂತ ನಿನಗೇನು ಗೊತ್ತು?"

ಆ ದಿನ ಅವರು ಐದನೇ ಮಹಡಿ ತೊಳೆಯಬೇಕಿತ್ತು. ಬಣ್ಣ ಹಚ್ಚುವ ಮೊದಲು ಹಳೆಯ ಗೋಡೆಗೆ ಮೆತ್ತಗೆ ಒದ್ದೆ ಸ್ಪಂಜು ಆಡಿಸಿ ಉಪ್ಪು, ಹೊಗೆ ತೆಗೆಯುವುದು ವಾಡಿಕೆ. ಹಸಿ ಗಾರೆಯ ಕೆಲಸವಾದರೆ ನೀರಿಗೆ ಬರುವುದು ಕೊಳೆ ಮಾತ್ರ. ಒರ್ಸೊಲಾ ಕೆಳಗಿನ ಮೂಲೆಯಿಂದ ಶುರು ಮಾಡಿದಳು. ಕಲ್ಲಿನ ಚೌಕಟ್ಟು ಗಟ್ಟಿಯಾಗಿತ್ತು. ಮುಚ್ಚಿದ ಕಡೆಯ ಹಸಿರು ಕದವೂ ಗಟ್ಟಿ. ಸ್ಪಂಜು ನೀಲಿ ಅಂಗಿಯ ತೋಳಿನ ಅಂಚಿಗೆ ಬಂತು. ತಿರುಗಿಸಿ ನೋಡಿದರೆ ಸ್ಪಂಜೆಲ್ಲ ನೀಲಿ.

ನೀರು ಹೆಚ್ಚಾಯಿತೇನೋ ಎಂದುಕೊಂಡು ಸ್ಪಂಜು ಹಿಂಡಿ ಇನ್ನೊಂದು ಕಡೆ ಮುಟ್ಟಿಸಿದಳು. ಅಲ್ಲೂ ನೀಲಿ. ಉಗುರಿನಿಂದ ಮೆಲ್ಲಗೆ ಕೆರೆದಳು. ಬಣ್ಣ ಸಣ್ಣ ಹಪ್ಪಳೆಯಾಗಿ ಎದ್ದು ಬಂತು, ಅದರಡಿಯಲ್ಲಿ ಹಸಿರು ಕಂಡಿತು. ಹಸಿರಿನಲ್ಲಿ ಸಾಲಾಗಿ ಅಡ್ಡಪಟ್ಟಿಗಳು, ಒಂದೊಂದು ಪಟ್ಟಿಗೂ ತೆಳ್ಳಗಿನ ನೆರಳು. ಮುಚ್ಚಿದ ಕದ. ಆ ನೆರಳು ಎಳೆಯುವ ರೀತಿ ಅವಳಿಗೆ ಚೆನ್ನಾಗಿ ಗೊತ್ತು. ಅದನ್ನು ಕಲಿಯಲು ಅವಳಿಗೆ ಎರಡು ವರ್ಷ ಹಿಡಿದಿತ್ತು. ಅಪ್ಪ ಮೊದಲು ಹಸಿ ಗಾರೆಯಲ್ಲಿ ಮುಚ್ಚಿದ ಕಿಟಕಿಯನ್ನು ಪೂರ್ತಿಯಾಗಿ ಬರೆದಿದ್ದ. ಅದು ಒಣಗಿದ ಮೇಲೆ, ಹಾಲಿನಲ್ಲಿ ಬಣ್ಣ ಕಲಸಿ, ಅದರ ಮೇಲೆ ಜೀತಾಳನ್ನು ಬಳಿದಿದ್ದ.

"ಏನಾಯ್ತು?" ಎಂದ ಬೆರ್ತು.

"ಅಪ್ಪ ಒಣಗೋಡೆ ಮೇಲೆ ಬರೆದಿದ್ದಾನೆ."

ಬೆರ್ತು ಸ್ಪಂಜು ನೋಡಿದ, ಗೋಡೆ ನೋಡಿದ. ತಾನೂ ಉಗುರಿನಿಂದ ಒಮ್ಮೆ ಕೆರೆದು ನೋಡಿದ.

ಒರ್ಸೊಲಾ ಪಕ್ಕದ ಕಿಟಕಿಯ ಕದವನ್ನು ಬಡಿದಳು. ಎರಡು ಸಲ ಬಡಿದ ಮೇಲೆ ಅದು ತೆರೆಯಿತು. ಜೀತಾ ಕೈಯಲ್ಲಿ ಸೌಟು ಹಿಡಿದುಕೊಂಡೇ ಇಣುಕಿದಳು. ಬಣ್ಣದ ಜೀತಾ ಅವಳಿಂದ ಒಂದು ಮೊಳ ದೂರದಲ್ಲಿ, ತೋಳಿನ ಅಂಚು ಕಳೆದುಕೊಂಡು, ಸಮುದ್ರ ನೋಡುತ್ತಿದ್ದಳು.

"ಕಾಫಿ ಮುಗಿದಿದೆ," ಎಂದಳು ಜೀತಾ.

ಒರ್ಸೊಲಾ ನೀಲಿ ಸ್ಪಂಜನ್ನು ಎತ್ತಿ ಹಿಡಿದಳು. ಜೀತಾ ಅದನ್ನು ನೋಡಿ ಸೌಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ನೀನಾಗೇ ಕಂಡುಕೊಂಡೆ. ನಾನು ಹೇಳಲಿಲ್ಲ. ನೆನಪಿಟ್ಕೊ, ನಾನು ಹೇಳಲಿಲ್ಲ."

"ನಿಮಗೆ ಗೊತ್ತಿತ್ತಾ, ಸಿನ್ಯೋರಾ?"

"ಗೊತ್ತಿಲ್ಲದೆ ಏನು. ಎರಾಸ್ಮೊ ಇದನ್ನ ಬರೆಸ್ತೀನಿ ಅಂದ ದಿನ ನಾನು ನಿಮ್ಮಪ್ಪನ ಹತ್ರ ಹೋಗಿ ಅತ್ತೆ. ನನ್ನನ್ನ ಗೋಡೆಗೆ ಅಂಟಿಸಬೇಡ ಅಂದೆ. ಅವನಿಗೂ ಸಂಕಟ, ಗಿರಾಕಿಗೆ ಆಗಲ್ಲ ಅನ್ನೋ ಹಾಗಿರಲಿಲ್ಲ. ಮೂರು ಚಳಿಗಾಲ ತಡ್ಕೊ ಹುಡುಗಿ, ಹಾಲಲ್ಲಿ ಬರೀತೀನಿ, ಮಳೆ ಬಂದು ಕರ್ಕೊಂಡು ಹೋಗುತ್ತೆ, ಕೆಳಗೆ ಕಿಟಕಿ ಮುಚ್ಚಿಟ್ಟಿದ್ದೀನಿ ಅಂದ. ಆದ್ರೆ ಯಾರಿಗೂ ಬಾಯಿ ಬಿಡಬೇಡ, ಜೆರೋಲಮೊ ಒಣಗೋಡೆ ಮುಟ್ಟಿದ ಅಂತ ಗೊತ್ತಾದ್ರೆ ನನ್ನ ಮಾನ ಹೋಗುತ್ತೆ ಅಂದ."

"ಮಳೆ ಬರಲಿಲ್ವಾ?"

"ಮಳೆ ಬಂತು. ಅದಕ್ಕೆ ಮೊದಲು ಇದು ಬಂತು." ಜೀತಾ ತಲೆಯ ಮೇಲೆ ಬೆರಳು ತೋರಿಸಿದಳು. ಅಲ್ಲಿ ಅಗಲವಾದ ಸೂರು ಚಾಚಿಕೊಂಡಿತ್ತು. "ಅದೇ ವರ್ಷ ಛಾವಣಿ ಸೋರುತ್ತೆ ಅಂತ ಸೂರು ಉದ್ದ ಮಾಡಿಸಿದ್ರು. ಒಂದು ಹನಿ ಬೀಳಲಿಲ್ಲ ಅವಳ ಮೇಲೆ. ನಿಮ್ಮಪ್ಪ ಕೆಳಗೆ ನಿಂತ್ಕೊಂಡು ಆ ಸೂರನ್ನ ನೋಡಿ ನೋಡಿ ಬೈತಿದ್ದ."

ಬೆರ್ತುವಿಗೆ ನಗು ತಡೆಯಲಾಗಲಿಲ್ಲ. ಒರ್ಸೊಲಾಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಸಭೆಯಲ್ಲಿ ಒಂದು ಮಾತು ಹೇಳಿದ್ದರೆ ಈ ಮುದುಕಿ ಅಂದೇ ಗೆಲ್ಲುತ್ತಿದ್ದಳು. ಮಗಳ ಎದುರಿಗೆ ಅಪ್ಪನ ಮಾನ ತೆಗೆಯಬಾರದೆಂದು ಬಾಯಿ ಮುಚ್ಚಿಕೊಂಡು ಎದ್ದುಹೋಗಿದ್ದಳು.

"ಯಾಕೆ ಹೇಳಲಿಲ್ಲ?"

"ಮಾತು ಕೊಟ್ಟಿದ್ದೆ," ಎಂದಳು ಜೀತಾ. "ಈಗ್ಲೂ ಬೇಡ ಬಿಡು. ಇಷ್ಟು ವರ್ಷ ನಿಂತಿದ್ದೀನಿ, ಇನ್ನೆಷ್ಟು ದಿನ. ನಿಮ್ಮಪ್ಪನ ಹೆಸರು ದೊಡ್ಡದು."

ಕಿಟಕಿ ಮುಚ್ಚಿಕೊಂಡಿತು. ಒರ್ಸೊಲಾ ಸಾರುವೆಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಳು. ಕೆಳಗೆ ಬಂದರಿನಲ್ಲಿ ಪ್ರವಾಸಿಗರು ಕ್ಯಾಮೆರಾ ಮೇಲೆತ್ತಿ ಇವಳೂ ಚಿತ್ರದವಳೂ ಒಟ್ಟಿಗೆ ಬರುವಂತೆ ಫೋಟೊ ತೆಗೆಯುತ್ತಿದ್ದರು. ಕಾಲಾರೊದಲ್ಲಿ ಅವಳಿಗೆ ಕೆಲಸ ಸಿಗುವುದೇ ಜೆರೋಲಮೊನ ಮಗಳೆಂದು. ಅಕ್ಕಪಕ್ಕದ ಊರುಗಳ ಹಾಲಿನವರು ಈ ಸುದ್ದಿ ಕೇಳಿದರೆ ಹಬ್ಬ ಮಾಡುತ್ತಾರೆ. ಅರ್ಧ ತಾಸು ಅವಳು ಹಾಗೇ ಕುಳಿತಿದ್ದಳು. ಬೆರ್ತು ತನ್ನ ಡಬ್ಬಿಯಿಂದ ಉಪ್ಪು ಹಾಕಿದ ಬೂತಾಯಿ ಮೀನು, ಬ್ರೆಡ್ಡು ತೆಗೆದು ಅರ್ಧ ಅವಳ ಕೈಗಿಟ್ಟ.

"ನಿಮ್ಮಪ್ಪ ನನ್ನನ್ನ ಒಂದಿನ ಹಾಲಿನವನು ಅಂತ ಬೈದಿದ್ದ ಗೊತ್ತಾ? ಬಣ್ಣಾನೇ ಮುಟ್ಟದವನನ್ನ," ಎಂದ. ಮೀನಿನ ಮುಳ್ಳು ತೆಗೆದು ಪಕ್ಕಕ್ಕಿಟ್ಟು ಮತ್ತೆ ಹೇಳಿದ, "ನಿಜ ಹೇಳ್ಲಾ ಒರ್ಸೊಲಾ? ಆ ಮನುಷ್ಯ ನನಗೆ ಇವತ್ತು ಮೊದಲ ಸಲ ಇಷ್ಟ ಆದ."

ಒರ್ಸೊಲಾ ಬ್ರೆಡ್ಡು ತಿಂದು ಮುಗಿಸಿ, ಕೈ ಒರೆಸಿಕೊಂಡು ಕೆಳಗಿಳಿದಳು.

ಡೆಲ್ಫೊ ಬಂದರಿನ ಕಾಫಿ ಅಂಗಡಿಯಲ್ಲಿ ಕುಳಿತಿದ್ದ. ಕಟ್ಟಡದ ನಾಲ್ಕೈದು ಜನರೂ ಅಲ್ಲೇ ಇದ್ದರು. ಹನ್ನೆರಡು ಗಂಟೆಗೆ ಅವರು ಇನ್ನೆಲ್ಲಿ ಇರುತ್ತಾರೆ? ಒರ್ಸೊಲಾ ಕುಳಿತುಕೊಳ್ಳಲಿಲ್ಲ.

"ಡೆಲ್ಫೊ, ಗೋಡೆ ಮೊದಲು ಹೇಗಿತ್ತೋ ಹಾಗೇ ಇರಬೇಕು ಅಂದ್ಯಲ್ಲ?"

"ನಾನಲ್ಲ ಅಂದಿದ್ದು, ನಿಯಮ."

"ಮೊದಲು ಅಲ್ಲಿದ್ದಿದ್ದು ಮುಚ್ಚಿದ ಕಿಟಕಿ. ಹಸಿ ಗಾರೆ ಕೆಲಸ, ನಿನ್ನೆ ಬರೆದ ಹಾಗಿದೆ. ಆ ಹೆಂಗಸು ಅದರ ಮೇಲೆ ಒಣಗಿದ ಮೇಲೆ ಬಳಿದದ್ದು. ಹಾಲಿನ ಬಣ್ಣ. ಬೇಕಾದ್ರೆ ಪುರಸಭೆಯವರನ್ನ ಕರೆಸು, ಹತ್ತಿ ನೋಡಲಿ."

ಡೆಲ್ಫೊ ಮೆಲ್ಲಗೆ ಕೇಳಿದ, "ಹಾಲಿನ ಬಣ್ಣಾನಾ? ಜೆರೋಲಮೊನಾ?"

"ಹೌದು. ನನ್ನಪ್ಪ ಜೆರೋಲಮೊ ಒಣಗೋಡೆ ಮೇಲೆ ಬರೆದ. ಬೇಕಂತಲೇ ಬರೆದ, ಅಳಿಸಿ ಹೋಗಲಿ ಅಂತ. ಯಾರಿಗೆ ಹೇಳಬೇಕೋ ಹೇಳ್ಕೊಳ್ಳಿ."

ಮೂಲೆಯಲ್ಲಿದ್ದವನೊಬ್ಬ ಮೀಸೆಯಡಿಯಲ್ಲಿ ಏನೋ ಅಂದ, ಇಬ್ಬರು ಕಿಸಕ್ಕೆಂದರು. ಒರ್ಸೊಲಾಳ ಕಿವಿ ಬಿಸಿಯಾಯಿತು. ಆದರೂ ಅವಳು ಅಲ್ಲೇ ನಿಂತು, ತನ್ನ ಪಾಲಿನ ಕಾಫಿ ತರಿಸಿ, ಕುಡಿದು, ಲೋಟ ಇಟ್ಟೇ ಹೊರಟಳು.

ಪುರಸಭೆಯವರು ಬಂದರು, ಹತ್ತಿದರು, ಉಗುರಿನಿಂದ ಕೆರೆದರು, ಇಳಿದರು. ಪುರಸಭೆಯವರು ಒಂದು ಕೆಲಸಕ್ಕೆ ಒಪ್ಪಿಗೆ ಕೊಡಲು ಹಿಡಿಯುವ ಎಲ್ಲ ವಾರಗಳೂ ಕಳೆದ ಮೇಲೆ ಕಾಗದ ಬಂತು. ಅಳಿಸುವ ದಿನ ಒರ್ಸೊಲಾ ಬೆರ್ತುವಿಗೆ ಸ್ಪಂಜು ಕೊಡಲಿಲ್ಲ. ತಾನೇ ಮಾಡಿದಳು. ತೋಳು ಹೋಯಿತು, ಕೂದಲು ಹೋಯಿತು, ಕೊನೆಗೆ ಮುಖ ಉಳಿಯಿತು. ಅಪ್ಪ ಆ ಮುಖವನ್ನು ಚೆನ್ನಾಗಿ ಬರೆದಿದ್ದ, ಸುಳ್ಳು ಕೆಲಸದಲ್ಲೂ ಅವನ ಕೈ ಸುಳ್ಳಾಡಿರಲಿಲ್ಲ. ಅವಳು ಒಂದು ಕ್ಷಣ ಕೈ ತಡೆದಳು. ಆಮೇಲೆ ಒರೆಸಿಬಿಟ್ಟಳು. ಬಕೆಟ್ಟಿನಲ್ಲಿ ನೀರು ತಿಳಿ ನೀಲಿಯಾಗಿತ್ತು. ಅಂದು ಹತ್ತು ಗಂಟೆಗೆ ಕಿಟಕಿಯಿಂದ ಎರಡು ಲೋಟ ಕಾಫಿ ಬಂತು, ಫೊಕಾಚ್ಚಾ ಬಂತು. ಇದಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಬೆರ್ತು ಗೊಣಗಿದ.

ಸಾರುವೆ ಬಿಚ್ಚಿದ ವಾರದಲ್ಲೇ ಜೀತಾ ಒರ್ಸೊಲಾಳನ್ನು ಕರೆದಳು.

"ದೋಣೀಲಿ ಹೋಗೋಣ ಬಾ. ನನ್ನ ಮನೇನ ಸಮುದ್ರದ ಕಡೆಯಿಂದ ಒಂದ್ಸಲಾನೂ ನೋಡಿಲ್ಲ ನಾನು."

"ಎಂಬತ್ತನಾಲ್ಕು ವರ್ಷದಲ್ಲಿ?"

"ಆ ಕಡೆಯಿಂದ ನೋಡಬೇಕಾದವನು ಗಂಡ, ಈ ಕಡೆ ನಿಲ್ಲಬೇಕಾದವಳು ಹೆಂಡತಿ ಅಂತ ಇತ್ತು. ಅವಳು ಮೇಲೆ ಇರೋವರೆಗೂ ಹೋಗಬಾರದು ಅಂತ ನಾನೂ ಹಟ ಹಿಡಿದಿದ್ದೆ."

ಪ್ರವಾಸಿಗರ ದೋಣಿ ಪಕ್ಕದ ಊರಿನದು. ಅದರ ಚಾಲಕನಿಗೆ ಕಾಲಾರೊದ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಜೀತಾ ಹೂವಿನ ಅಂಗಿ ಹಾಕಿ, ತುಟಿಗೆ ಬಣ್ಣ ಹಚ್ಚಿಕೊಂಡು, ಮುಂಬಾಗಿಲಿನಿಂದಲೇ ಇಳಿದು ಬಂದು ನಲವತ್ತು ಜನ ಪ್ರವಾಸಿಗರ ನಡುವೆ ಕುಳಿತಳು. ದೋಣಿ ಬಂದರು ದಾಟಿ ಕೊಲ್ಲಿಗೆ ಬಂದಾಗ ಊರೆಲ್ಲ ಒಟ್ಟಿಗೆ ಕಂಡಿತು, ಮನೆಗಳ ಸಾಲು, ಅದರ ಮೇಲೆ ಆಲಿವ್ ಬೆಟ್ಟ, ಬೆಟ್ಟದ ತುದಿಯಲ್ಲಿ ಸೊವಾರ. ಜೀತಾ ಒರ್ಸೊಲಾಳ ಕೈ ಹಿಡಿದುಕೊಂಡಳು.

"ಎಷ್ಟು ಸಣ್ಣದು ನಮ್ಮನೆ," ಎಂದಳು.

ಚಾಲಕ ಮೈಕು ಎತ್ತಿದ. "ಎಲ್ಲರೂ ಮೇಲೆ ನೋಡಿ. ಹಳದಿ ಮನೆ, ಐದನೇ ಮಹಡಿ. ಸಮುದ್ರದಲ್ಲಿ ಗಂಡನ್ನ ಕಳಕೊಂಡ ಹೆಂಗಸು ಇವತ್ತಿಗೂ ಕಿಟಕೀಲಿ ಕಾಯ್ತಾ..." ಎಂದವನು ತಾನೂ ಮೇಲೆ ನೋಡಿ ಅಲ್ಲಿಗೇ ನಿಲ್ಲಿಸಿದ.

ನಲವತ್ತು ಮುಖಗಳು ಮೇಲೆದ್ದವು. ಅಲ್ಲಿದ್ದದ್ದು ಮುಚ್ಚಿದ ಹಸಿರು ಕದ, ಬಿಸಿಲಿನಲ್ಲಿ ಎಣಿಸುವಷ್ಟು ಸ್ಪಷ್ಟವಾದ ಪಟ್ಟಿಗಳು. ಹುಲ್ಲಿನ ಟೋಪಿಯ ಪ್ರವಾಸಿ ಹೆಂಗಸೊಬ್ಬಳು ನಮ್ಮ ಭಾಷೆಯನ್ನು ತನಗೆ ಬಂದ ಹಾಗೆ ಜೋಡಿಸಿ, "ಆ ಹೆಂಗಸು ಎಲ್ಲಿ?" ಎಂದು ಪಕ್ಕದಲ್ಲಿದ್ದ ಜೀತಾಳನ್ನು ಕೇಳಿದಳು.

ಜೀತಾ ಗಾಳಿಗೆ ಹಾರುತ್ತಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ತಳ್ಳಿ, ಆ ಮುಚ್ಚಿದ ಕಿಟಕಿಯನ್ನು ಮತ್ತೊಮ್ಮೆ ನೋಡಿದಳು.

"ಹೊರಗೆ ಹೋಗಿದ್ದಾಳೆ," ಎಂದಳು.